ಕುಂಜಿತಪಾದಂ ಕೊಟ್ಟ ಕಾರಣ

ಪೂವಾನ್‌ಕುಡಿಯ ಬಾಳೆ ಎಲೆ ವ್ಯಾಪಾರಿ ಕುಂಜಿತಪಾದಂ ದೇವರನ್ನು ನಂಬದೆ ಒಂದು ದಿನವೂ ಕಳೆದವನಲ್ಲ. ಅಂಗಡಿ ತೆರೆಯುವ ಮೊದಲು ಮಾರಿಯಮ್ಮನಿಗೆ ಒಂದು ನಮಸ್ಕಾರ, ತೆರೆದ ಮೇಲೆ ಪಿಳ್ಳೆಯಾರ್ ಗಣಪನಿಗೆ ಒಂದು, ಗಿರಾಕಿ ಬಂದರೆ ಒಂದು, ಬಾರದಿದ್ದರೆ ಎರಡು. ಬೆಳಿಗ್ಗೆ ಬಳಿದ ವಿಭೂತಿ ಬೆವರಿಗೆ ಅಳಿಸಿದರೆ ಮಧ್ಯಾಹ್ನ ಮತ್ತೆ ಬಳಿಯುತ್ತಿದ್ದ. ಇಂಥ ಮನುಷ್ಯ ಒಂದು ಸಂಜೆ, ಮೊದಲನೆಯ ಉದ್ದಿನ ವಡೆಗೂ ಎರಡನೆಯದಕ್ಕೂ ನಡುವೆ, ನಾಸ್ತಿಕನಾಗಿಬಿಟ್ಟ.

ಇದಕ್ಕೆಲ್ಲ ಮೂಲ ಮಗಳು ಪೂಂಗೊಡಿ. ಟೈಪ್‌ರೈಟಿಂಗ್ ಕಲಿಯಲು ಹೋದವಳು ಟೈಪ್‌ರೈಟಿಂಗ್ ಜೊತೆಗೆ ಚೆಳಿಯನ್ ಎಂಬ ಹುಡುಗನನ್ನೂ ಮೆಚ್ಚಿಕೊಂಡು ಬಂದಳು. ಹುಡುಗ ಒಳ್ಳೆಯವನು, ಸರ್ಕಾರಿ ಕೆಲಸ, ಬೀಡಿ ಇಲ್ಲ, ಇಸ್ಪೀಟು ಇಲ್ಲ. ಜಾತಕ ಬೇಡ, ವರದಕ್ಷಿಣೆ ಬೇಡ, ಬಂಗಾರವೂ ಬೇಡ. ಹೆಣ್ಣು ಹೆತ್ತವರಿಗೆ ಕನಸಿನಲ್ಲೂ ಸಿಗದ ಸಂಬಂಧ. ಇದ್ದ ತೊಡಕು ಒಂದೇ, ಹುಡುಗನ ಅಪ್ಪ ಅರಿವಳಗನ್.

ಅರಿವಳಗನ್ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಊರಿನ ವಿಚಾರವಾದಿ ಕೂಟದ ಅಧ್ಯಕ್ಷರು. ಚಿತ್ರಾ ಪೂರ್ಣಿಮೆಯ ಬಿಸಿಲಿನಲ್ಲೂ ಕಪ್ಪು ಅಂಗಿ. ದೇವರ ಹೆಸರು ಅಪ್ಪಿತಪ್ಪಿಯೂ ಬಾಯಿಗೆ ಬರಬಾರದೆಂಬುದು ಅವರ ವ್ರತ. ಕುಂಜಿತಪಾದಂ ಎಂದರೆ ನಟರಾಜ ಎತ್ತಿದ ಕಾಲು. ಅದನ್ನು ಉಚ್ಚರಿಸುವುದಾದರೂ ಹೇಗೆ? ಹೆಣ್ಣು ನೋಡಲು ಬಂದ ದಿನ ಅವರು ಅವನನ್ನು "ಎಲೆಯವರೇ" ಎಂದು ಕರೆದರು.

"ಎಲೆಯವರೇ, ನಮಗೆ ನಿಮ್ಮ ಮನೆಯ ಒಂದು ಚಮಚವೂ ಬೇಡ. ನಮ್ಮದು ಪುರೋಹಿತರಿಲ್ಲದ ಮದುವೆ. ಹಾರ ಹಾಕೋ ಮೊದಲು ಎರಡೂ ಕಡೆಯ ಅಪ್ಪಂದಿರು ಮೈಕಿನ ಮುಂದೆ ನಿಂತು, ತಾವು ಯಾಕೆ ದೇವರನ್ನ ನಂಬಲ್ಲ ಅಂತ ಊರಿಗೆ ಹೇಳಬೇಕು. ಅದೊಂದು ನಮ್ಮ ಪದ್ಧತಿ. ನೀವು ನಂಬೋರೋ?"

ಬಾಗಿಲ ಹಿಂದೆ ಪೂಂಗೊಡಿಯ ಬಳೆಗಳು ಸದ್ದು ನಿಲ್ಲಿಸಿದವು. ಕುಂಜಿತಪಾದಂ ಬಾಯಲ್ಲಿದ್ದ ವಡೆಯನ್ನು ನುಂಗಿದ.

"ನಾನಾ? ಛೆ ಛೆ. ಬಿಟ್ಟು ಎಷ್ಟೋ ವರ್ಷ ಆಯ್ತಲ್ಲ."

ಅರಿವಳಗನ್ ಅವನ ಹಣೆಯನ್ನು ನೋಡಿದರು. ವಿಭೂತಿಯೇನೋ ಹೆಂಡತಿ ಸೆಂಬಗಂ ಒದ್ದೆ ಬಟ್ಟೆಯಲ್ಲಿ ಒರೆಸಿ ಕಳಿಸಿದ್ದಳು. ಆದರೆ ಹುಟ್ಟಿದಾಗಿನಿಂದ ಬಿಸಿಲು ಕಾಣದ ಮೂರು ಪಟ್ಟೆ ಕಪ್ಪು ಹಣೆಯ ಮೇಲೆ ಬೆಳ್ಳಗೆ ಉಳಿದುಕೊಂಡಿದ್ದವು.

"ಇದು?"

"ಚರ್ಮದ ಕಾಯಿಲೆ," ಎಂದ ಕುಂಜಿತಪಾದಂ.

"ಸಂತೋಷ. ಅಂದ್ರೆ, ಕಾಯಿಲೆಗಲ್ಲ. ಭಾನುವಾರ ಕೂಟಕ್ಕೆ ಬನ್ನಿ. ನಿಮ್ಮ ಕಾರಣ ಹೇಳಿ. ಕೂಟ ಒಪ್ಪಿದ್ರೆ ಮದುವೆ."

ಅವರು ಹೋದ ಮೇಲೆ ಸೆಂಬಗಂ ಅಡುಗೆಮನೆಯಿಂದ ಹೊರಗೆ ಬಂದಳು. "ಏನ್ರೀ, ಕಾರಣ ಹೇಳ್ತೀರಂತೆ. ಮಾರಿಯಮ್ಮನ ಕೇಳದೆ ನೀವು ಹಲ್ಲು ಕೀಳಿಸಿಕೊಂಡೋರಲ್ಲ. ಯಾವ ಕಾರಣ ಹೇಳ್ತೀರಿ?"

"ಹುಡುಕಿದ್ರೆ ಸಿಗತ್ತೆ ಬಿಡೇ. ಊರಲ್ಲಿ ಅಷ್ಟು ಜನಕ್ಕೆ ಸಿಕ್ಕಿದೆ."

ಭಾನುವಾರ ಸಂಜೆ ಪೇಟೆಯ ಬೇವಿನ ಮರದ ಕೆಳಗೆ ಕೂಟ ಸೇರಿತು. ಮೈಕು ಇತ್ತು. ಮರದ ಮೇಲೆ ನಾಲ್ಕು ದಿಕ್ಕಿಗೂ ಕೊಂಬಿನಂಥ ಧ್ವನಿವರ್ಧಕಗಳಿದ್ದವು. ಹೊಸಬರು ಬಂದರೆ ಹಳಬರೂ ತಮ್ಮ ತಮ್ಮ ಕಾರಣಗಳನ್ನು ಮತ್ತೊಮ್ಮೆ ಹೇಳುವುದು ವಾಡಿಕೆ. ಒಬ್ಬರ ಕಾರಣವನ್ನು ಇನ್ನೊಬ್ಬರು ಹೇಳುವಂತಿಲ್ಲ.

ಕುಂಜಿತಪಾದಂ ಮುಂದಿನ ಬೆಂಚಿನಲ್ಲಿ ಕೂತು ಕೇಳುತ್ತ ಕೇಳುತ್ತ ತನ್ನದೇ ಒಂದು ಕಾರಣ ಹೊಳೆಯುತ್ತದೆಯೇ ಎಂದು ಕಿವಿ ನಿಮಿರಿಸಿದ. ದರ್ಜಿ ಎದ್ದು, ಒಂದೇ ಮನುಷ್ಯನ ಎರಡು ತೋಳಿನ ಅಳತೆಯೇ ಒಂದಾಗಿರುವುದಿಲ್ಲ, ಇಷ್ಟು ಕಳಪೆ ಹೊಲಿಗೆ ಹಾಕಿದವನನ್ನು ನಾನು ದೇವರೆನ್ನಲಾರೆ ಎಂದ. ಅಂಚೆಯವನು, ಊರಿನ ದೇವರಿಗೆಲ್ಲ ಬರೆದ ಹರಕೆಯ ಪತ್ರಗಳನ್ನು ಇಪ್ಪತ್ತು ವರ್ಷದಿಂದ ತಲುಪಿಸಿದ್ದೇನೆ, ಒಂದಕ್ಕೂ ಮಾರುತ್ತರ ಹೊತ್ತು ತಂದಿಲ್ಲ ಎಂದ. ಒಬ್ಬ ಮೇಷ್ಟ್ರು ತನ್ನ ತಾಯಿಯನ್ನು ಜಾತಿಯ ಕಾರಣಕ್ಕೆ ಗುಡಿಯ ಬಾಗಿಲಲ್ಲಿ ತಡೆದದ್ದನ್ನು ಹೇಳಿದರು. ಆ ಬಾಗಿಲ ಒಳಗಿದ್ದು ಸುಮ್ಮನೆ ನೋಡಿದವನು ದೇವರಾದರೆ ನನಗೆ ಬೇಡ ಎಂದು ಕೂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೊನೆಗೆ ಅರಿವಳಗನ್ ಎದ್ದರು. "ನನ್ನ ತಂಗಿ ಪೊನ್ನಿಗೆ ಸಿಡುಬು ಆಯ್ತು. ಮನೆಯೋರು ಅಮ್ಮ ಬಂದಿದ್ದಾಳೆ ಅಂದ್ರು. ಡಾಕ್ಟರು ಬಾಗಿಲ ತನಕ ಬಂದಿದ್ರು, ಒಳಗೆ ಬಿಡಲಿಲ್ಲ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ರು. ಅವಳು 'ಅಣ್ಣಾ, ನೀರು' ಅಂತ ಕೇಳಿದ್ಲು. ನಾನು ಕೊಡೋಕೆ ಹೋದ್ರೆ ಅಪ್ಪ ಕೈ ಹಿಡ್ಕೊಂಡ. ಅಷ್ಟೇ ನನ್ನ ಕಾರಣ." ಮೈಕಿನಿಂದ ಹಿಂದೆ ಸರಿದು ಕನ್ನಡಕ ಒರೆಸಿಕೊಂಡರು. "ಈಗ ಎಲೆಯವರು."

ಕುಂಜಿತಪಾದಂನ ಕಣ್ಣಲ್ಲೂ ನೀರಿತ್ತು. ಅದರ ಹಿಂದೆ ತಲೆ ಖಾಲಿಯಿತ್ತು. ಮೈಕಿನ ಮುಂದೆ ನಿಂತ. ಹೆಂಡತಿ ಒಳ್ಳೆಯವಳು, ಮಗಳು ಒಳ್ಳೆಯವಳು, ಎಲೆ ಹರಿಯುವುದಿಲ್ಲ, ಹೊಟ್ಟೆ ಕೆಡುವುದಿಲ್ಲ. ದೇವರ ಮೇಲೆ ಹೊರಿಸಲು ಬೆರಳಷ್ಟು ದೂರೂ ಸಿಗಲಿಲ್ಲ. ಜನ ಕೆಮ್ಮತೊಡಗಿದರು. ಅಷ್ಟರಲ್ಲಿ ಯಾಕೋ ಅವನಿಗೆ ಅಣ್ಣ ನೆನಪಾದ.

ಅಣ್ಣ ಸಬಾನಾಯಗಂ ಅದೇ ಮನೆಯ ಆಚೆ ಅರ್ಧದಲ್ಲಿ ಇದ್ದ. ನಡುವೆ ಒಂದು ಗೋಡೆ, ಹಿತ್ತಲಲ್ಲಿ ಇಬ್ಬರಿಗೂ ಸೇರಿದ ಬಾವಿ. ಅಣ್ಣತಮ್ಮಂದಿರು ಮಾತು ಬಿಟ್ಟು ಹತ್ತು ಹನ್ನೆರಡು ವರ್ಷವಾಗಿತ್ತು. ಅಪ್ಪನ ವರ್ಷಾಬ್ದಿಕದ ಮರುದಿನ ನೆಂಟರಿಗೆ ಹಬ್ಬದೂಟ ಹಾಕುವಾಗ, ಊರಿಗೆಲ್ಲ ಎಲೆ ಮಾರುವ ಕುಂಜಿತಪಾದಂ ಅಣ್ಣನ ಮುಂದೆ ಎಲೆಯನ್ನು ತಿರುಗಿಸಿ ಹಾಸಿಬಿಟ್ಟಿದ್ದ. ಎಲೆಯ ತುದಿ ಊಟದವನ ಎಡಕ್ಕಿರಬೇಕು. ಬಲಕ್ಕಿಟ್ಟರೆ ಅದು ಸತ್ತವರಿಗೆ ಹಾಸುವ ಎಲೆ. ಸಬಾನಾಯಗಂ ಎಲೆಯನ್ನು ನೋಡಿದ, ತಮ್ಮನನ್ನು ನೋಡಿದ, "ನನ್ನ ಪಾಲಿನ ಬಾವಿಗೂ ಕಣ್ಣು ಹಾಕಿದ್ದೀಯಾ?" ಎಂದು ಕೇಳಿ ಎದ್ದು ಹೋದವನು ಮತ್ತೆ ಬಾಯಿ ಬಿಡಲಿಲ್ಲ.

"ನಮ್ಮಣ್ಣ ನನ್ನ ಹತ್ರ ಮಾತಾಡಲ್ಲ," ಎಂದ ಕುಂಜಿತಪಾದಂ. ನಾಲ್ಕು ದಿಕ್ಕಿನ ಕೊಂಬುಗಳೂ ಅದನ್ನೇ ಹೇಳಿದವು. "ಪ್ರತಿ ಶುಕ್ರವಾರ ಮಾರಿಯಮ್ಮನ ಮುಂದೆ ನಿಂತು ಬೇಡಿಕೊಂಡೆ. ಅಮ್ಮಾ, ಅವನು ಒಂದೇ ಒಂದು ಸಲ 'ಕುಂಜು' ಅಂತ ಕರೆಯೋ ಹಾಗೆ ಮಾಡು ಅಂದೆ. ಕರೀಲಿಲ್ಲ. ಅಷ್ಟು ಸಣ್ಣ ಕೆಲಸವೂ ಆಗಲಿಲ್ಲ ಅಂದ್ರೆ... ಅವಳು ಇಲ್ಲ ಅಂತಲೇ ಅಲ್ವಾ?"

ಹೇಳಿ ಮುಗಿಸುವಷ್ಟರಲ್ಲಿ ತಾನೇ ಅತ್ತುಬಿಟ್ಟ. ಕೂಟ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅರಿವಳಗನ್ ತಬ್ಬಿಕೊಂಡು, "ಬೀಗರೇ! ಇಂಥ ಶುದ್ಧವಾದ ಕಾರಣ ಈ ಮೈಕು ಕೇಳೇ ಇರಲಿಲ್ಲ," ಎಂದರು. ಮದುವೆಯ ದಿನವೂ ಅಲ್ಲೇ ಗೊತ್ತಾಯಿತು. ಆಡಿ ತಿಂಗಳು, ಅಂದರೆ ಶುಭಕಾರ್ಯ ಮಾಡಬಾರದ ಆಷಾಢ. ಅದರಲ್ಲೂ ಶುಕ್ರವಾರ, ಅದರಲ್ಲೂ ರಾಹುಕಾಲ, ಹತ್ತೂವರೆಯಿಂದ ಹನ್ನೆರಡರೊಳಗೆ. ಕೂಟದ ಯಾವ ಮದುವೆಯೂ ಇದಕ್ಕಿಂತ ಒಳ್ಳೆಯ ಹೊತ್ತಿನಲ್ಲಿ ನಡೆದಿರಲಿಲ್ಲ.

ಮರುದಿನ ಬೆಳಿಗ್ಗೆ ಕುಂಜಿತಪಾದಂ ಅಂಗಡಿ ತೆರೆಯುವಾಗ ಬಾಗಿಲಲ್ಲಿ ಮಾರಿಯಮ್ಮನ ಗುಡಿಯ ಆಡಳಿತ ನೋಡುವ ಧರ್ಮಕರ್ತ ವೈರವನ್ ಪಿಳ್ಳೈ ನಿಂತಿದ್ದರು. ಕೋಪಕ್ಕೆ ಅವರ ಕಿವಿಯ ಕಡಕುಗಳೂ ಕುಣಿಯುತ್ತಿದ್ದವು.

"ಏನಯ್ಯಾ ಕುಂಜು, ಅಮ್ಮನ ಮರ್ಯಾದೆ ನಾಲ್ಕು ದಿಕ್ಕಿಗೆ ಹರಾಜು ಹಾಕಿದೆಯಲ್ಲ! ಒಂದು ಮಾತು ನನಗೆ ಹೇಳಬಾರದಿತ್ತಾ?"

"ಪಿಳ್ಳೈವಾಳ್, ಅದು..."

"ಬಾಯಿ ಮುಚ್ಚು. ಅಮ್ಮನ ಹತ್ರ ಕೆಲಸ ಜಾಸ್ತಿ, ನಿನ್ನದು ಹಿಂದೆ ಬಿದ್ದಿರಬೇಕು. ಈಗ ನಾನು ಕೈಗೆ ತಗೊಂಡಿದ್ದೀನಿ. ನಿನ್ನ ಮಗಳ ಮದುವೆಯೊಳಗೆ ನಿಮ್ಮಣ್ಣ ಮಾತಾಡ್ತಾನೆ. ಆಡಿಸದಿದ್ರೆ ನನ್ನ ಹೆಸರು ವೈರವನ್ ಅಲ್ಲ."

"ಬೇಡ!" ಎಂದು ಕುಂಜಿತಪಾದಂ ಕಿರುಚಿದ. ಕಟ್ಟಿದ್ದ ಎಲೆಯ ಕಂತೆ ಕೈಜಾರಿ ಬಿತ್ತು. ಇಷ್ಟು ವರ್ಷ ಹಗಲುರಾತ್ರಿ ಬೇಡಿದ್ದು ಕೈಗೆ ಬರುವ ಹೊತ್ತಿಗೆ ಅದು ಬಂದರೆ ಮಗಳ ಮದುವೆ ಮುರಿಯುತ್ತದೆ. ಅಣ್ಣ "ಕುಂಜು" ಎಂದನೋ, ಕಾರಣ ಹೋಯಿತು. ಕಾರಣ ಹೋಯಿತೋ, ಬೀಗರು ಹೋದರು. "ಮದುವೆ ಆದ ಮೇಲೆ ಆಡಿಸಿ, ಪಿಳ್ಳೈವಾಳ್. ಮಧ್ಯಾಹ್ನ ಹನ್ನೆರಡರ ಮೇಲೆ, ಎಷ್ಟು ಬೇಕಾದ್ರೂ ಆಡಿಸಿ!"

"ಅಮ್ಮನಿಗೆ ಹೊತ್ತು ಹೇಳ್ತೀಯಾ ನೀನು?" ಎಂದು ಪಿಳ್ಳೈ ನಡೆದರು.

ಅಂದಿನಿಂದ ಸಬಾನಾಯಗಂನ ಜಗಲಿ ಯುದ್ಧಭೂಮಿಯಾಯಿತು. ಹೆಂಡತಿ ತೀರಿಕೊಂಡ ಮೇಲೆ ಅವನನ್ನು ಊಟವಾಯಿತೇ ಎಂದು ಕೇಳಿದವರಿರಲಿಲ್ಲ. ಈಗ ಬೆಳಿಗ್ಗೆ ಗುಡಿಯವರು ತುಪ್ಪ ಸುರಿದ ಪೊಂಗಲ್ ತಂದು, "ಒಂದು ಮಾತು ಆಡಪ್ಪಾ, ಅಮ್ಮ ಸೋತು ಹೋಗ್ತಾಳೆ" ಎನ್ನುತ್ತಿದ್ದರು. ಸಂಜೆ ಕೂಟದವರು ಕಾಫಿ ತಂದು, "ಮದುವೆ ತನಕ ಆಡಬೇಡಿ ಅಯ್ಯಾ, ನಿಮ್ಮ ಮೌನದಲ್ಲಿ ಒಂದು ಹೆಣ್ಣಿನ ಬಾಳಿದೆ" ಎನ್ನುತ್ತಿದ್ದರು. ಸಬಾನಾಯಗಂ ಪೊಂಗಲನ್ನೂ ತಿಂದ, ಕಾಫಿಯನ್ನೂ ಕುಡಿದ. ಇಬ್ಬರಿಗೂ "ನೋಡೋಣ" ಎಂದ. ನಾಲ್ಕೇ ದಿನದಲ್ಲಿ ಅವನ ಕೆನ್ನೆ ತುಂಬಿಕೊಂಡಿತು.

ಕುಂಜಿತಪಾದಂನ ಕೆನ್ನೆ ಮಾತ್ರ ಇಳಿಯಿತು. ಬಾವಿಗೆ ಹೋಗುವ ಮೊದಲು ಗೋಡೆಯ ಮೇಲಿಂದ ಇಣುಕಿ, ಅಣ್ಣ ಇಲ್ಲವೆಂದು ಖಾತ್ರಿ ಮಾಡಿಕೊಂಡು ನೀರು ಸೇದುತ್ತಿದ್ದ. ಅಣ್ಣ ಎದುರಿಗೆ ಸಿಕ್ಕರೆ ಎರಡು ಕಿವಿಯಲ್ಲೂ ಬೆರಳು ತುರುಕಿಕೊಂಡು ಓಡುತ್ತಿದ್ದ.

ಒಂದು ಬೆಳಿಗ್ಗೆ ಹಾಗೆ ಓಡಲಾಗಲಿಲ್ಲ, ಕೈಯಲ್ಲಿ ತುಂಬಿದ ಕೊಡವಿತ್ತು. ಸಬಾನಾಯಗಂ ಬಾವಿಯ ಕಟ್ಟೆಗೆ ಬಂದವನು ರಾಟೆಯ ಮೇಲಿದ್ದ ಕಾಗೆಯನ್ನು ನೋಡಿ, "ಕೆಲವರು ಹಗ್ಗ ಸುತ್ತಿ ಇಡಲ್ಲ, ಹಾಗೇ ಬಿಟ್ಟು ಹೋಗ್ತಾರೆ," ಎಂದ. ಮಾತು ಬಿಟ್ಟವರು ಹೀಗೆ ಕಾಗೆಗೆ ಹೇಳುವುದು ಹೊಸದೇನಲ್ಲ. ಆದರೆ ಅಂದು ಬೇಲಿಯ ಆಚೆ ಪಿಳ್ಳೈಯವರ ಕಡೆಯವನೊಬ್ಬ ನಿಂತಿದ್ದ. ಗಳಿಗೆಯೊಳಗೆ ಗುಡಿಯ ಗಂಟೆ ಹೊಡೆಯಿತು. ಸಬಾನಾಯಗಂ ಮಾತಾಡಿದ, ಅಮ್ಮ ಗೆದ್ದಳು!

ಅರಿವಳಗನ್ ಸೈಕಲ್ ಏರಿ ಬಂದಾಗ ಅವರ ಮುಖ ಅಂಗಿಯಷ್ಟೇ ಕಪ್ಪಾಗಿತ್ತು. ಪಿಳ್ಳೈಯವರೂ ಬಂದರು. ಹಿತ್ತಲಲ್ಲೇ ವಿಚಾರಣೆ ನಡೆಯಿತು.

"ಹಗ್ಗ ಯಾರದು? ಕುಂಜುದು. ಮಾತು ಯಾರಿಗೆ ತಾಗಿತು? ಕುಂಜುಗೆ," ಎಂದರು ಪಿಳ್ಳೈ.

"ನೋಡಿದ್ದು ಯಾರನ್ನ? ಕಾಗೆಯನ್ನ. ಕಾಗೆಗೆ ಆಡಿದ್ದು ಕಾಗೆಯ ಲೆಕ್ಕಕ್ಕೆ," ಎಂದರು ಅರಿವಳಗನ್. "ಬೀಗರೇ, ನೀವೇ ಹೇಳಿ. ನಿಮ್ಮಣ್ಣ ನಿಮ್ಮ ಹತ್ರ ಮಾತಾಡಿದ್ರಾ?"

ಕುಂಜಿತಪಾದಂ ಅಣ್ಣನ ಕಡೆ ನೋಡಿದ. ಅಣ್ಣ ಕಾಗೆಯ ಕಡೆ ನೋಡಿದ. ಸೆಂಬಗಂ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹಿಂಬಾಗಿಲಲ್ಲಿ ಪೂಂಗೊಡಿ ನಿಂತಿದ್ದಳು, ಮೂರು ದಿನದಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ.

"ನನಗೇನೂ ಕೇಳಿಸಲಿಲ್ಲ," ಎಂದ ಕುಂಜಿತಪಾದಂ.

ಸಬಾನಾಯಗಂ ಸರಕ್ಕನೆ ತಿರುಗಿ ತಮ್ಮನನ್ನು ನೋಡಿದ. ಆಮೇಲೆ ಹಗ್ಗವನ್ನು ತಾನೇ ಸುತ್ತಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಂದು ಪೊಂಗಲ್ಲೂ ಮುಟ್ಟಲಿಲ್ಲ, ಕಾಫಿಯೂ ಮುಟ್ಟಲಿಲ್ಲ.

"ಆಡಿ ಶುಕ್ರವಾರ ಅಮ್ಮನೇ ನೋಡಿಕೊಳ್ತಾಳೆ," ಎಂದು ಪಿಳ್ಳೈ ಹೋದರು. ಅರಿವಳಗನ್ ಕುಂಜಿತಪಾದಂನ ಹೆಗಲ ಮೇಲೆ ಕೈಯಿಟ್ಟು, "ಬೀಗರೇ, ಹೇಳಿಬಿಡ್ತೀನಿ. ವೇದಿಕೆ ಮೇಲೆ ನಿಮ್ಮ ಕಾರಣ ಬಿದ್ದು ಹೋದ್ರೆ ನಾನು ತಲೆ ಎತ್ತೋ ಹಾಗಿಲ್ಲ. ಮದುವೆ ಅಲ್ಲಿಗೇ ನಿಲ್ಲತ್ತೆ. ನನ್ನ ಮಗನ ಮೇಲಾಣೆ ಅಂತ ಬೇಕಾದ್ರೂ... ಇಲ್ಲ, ನಾವು ಆಣೆ ಇಡಲ್ಲ. ಆದ್ರೆ ನಿಲ್ಲತ್ತೆ," ಎಂದರು.

ಆ ಶುಕ್ರವಾರ ಬಂತು. ಛತ್ರ ಗುಡಿಯ ಬೀದಿಯಲ್ಲೇ ಇತ್ತು. ಒಂದು ಕಡೆ ಗುಡಿಯಲ್ಲಿ ಅಂಬಲಿ ಹಂಚುವ ಗದ್ದಲ, ಡಮರುವಿನಂಥ ಉಡುಕ್ಕೆಯ ಬಡಿತ. ಇನ್ನೊಂದು ಕಡೆ ಛತ್ರದಲ್ಲಿ ಭಾಷಣ. ಹತ್ತೂವರೆಗೆ ಸರಿಯಾಗಿ ಕೂಟದವರು ಶುರುಮಾಡಿದರು. ಮಂತ್ರವಿಲ್ಲದ ಮದುವೆಯಲ್ಲಿ ಮಂತ್ರದ ಹೊತ್ತನ್ನೆಲ್ಲ ಭಾಷಣವೇ ತುಂಬಬೇಕು, ತುಂಬಿ ಸ್ವಲ್ಪ ಚೆಲ್ಲಿತು. ದರ್ಜಿ ಮಾತಾಡಿದ, ಅಂಚೆಯವನು ಮಾತಾಡಿದ, ಪಕ್ಕದೂರಿನಿಂದ ಬಂದವರೊಬ್ಬರು ಸೂರ್ಯನಿಂದ ಶುರುಮಾಡಿ ಭೂಮಿಗೆ ಬರುವಷ್ಟರಲ್ಲೇ ಹನ್ನೊಂದೂವರೆಯಾಯಿತು. ಅರಿವಳಗನ್ ಮತ್ತೆ ಮತ್ತೆ ಗಡಿಯಾರ ನೋಡಿದರು. ಹನ್ನೆರಡು ಹೊಡೆದರೆ ರಾಹುಕಾಲ ಮುಗಿಯುತ್ತಿತ್ತು. ಅದಾದ ಮೇಲೆ ಪಂಚಾಂಗದ ಪ್ರಕಾರ ಅಮೃತ ಗಳಿಗೆ. ಅಧ್ಯಕ್ಷರ ಮಗನ ಮದುವೆ ಶುಭ ಮುಹೂರ್ತದಲ್ಲಿ ನಡೆಯಿತು ಎಂದರೆ ಅದಕ್ಕಿಂತ ಅವಮಾನ ಬೇರೆ ಇಲ್ಲ.

ತಮ್ಮ ಕಾರಣವನ್ನು ನಾಲ್ಕೇ ವಾಕ್ಯದಲ್ಲಿ ಹೇಳಿ ಅವರು ಕುಂಜಿತಪಾದಂನನ್ನು ಮೈಕಿನ ಮುಂದೆ ತಳ್ಳಿದರು. "ಬೇಗ, ಬೀಗರೇ!"

"ನಮ್ಮಣ್ಣ," ಎಂದ ಕುಂಜಿತಪಾದಂ. ಅಷ್ಟರಲ್ಲಿ ಬಾಗಿಲಲ್ಲಿ ಉಡುಕ್ಕೆ ಕೇಳಿಸಿತು. ವೈರವನ್ ಪಿಳ್ಳೈ ಮುಂದೆ, ಅವರ ಹಿಂದೆ ಮಡಿಪಂಚೆ ಉಟ್ಟು, ಹಣೆ ತುಂಬ ವಿಭೂತಿ ಬಳಿದ ಸಬಾನಾಯಗಂ. ಇಬ್ಬರೂ ನೇರವಾಗಿ ನಡೆದು ಬಂದು ಮುಂದಿನ ಸಾಲಿನಲ್ಲಿ ನಿಂತರು. ಉಡುಕ್ಕೆ ನಿಂತಿತು.

ಹಾರ ಹಿಡಿದು ನಿಂತಿದ್ದ ಪೂಂಗೊಡಿ ಚೆಳಿಯನ್‌ನ ಕಡೆ ಒಂದು ಹೆಜ್ಜೆ ಸರಿದಳು.

"ನಮ್ಮಣ್ಣ," ಎಂದು ಕುಂಜಿತಪಾದಂ ಮತ್ತೆ ಶುರುಮಾಡಿದ. "ನಮ್ಮಣ್ಣ ನನ್ನ ಹತ್ರ ಮಾತಾ..."

"ಕುಂಜು," ಎಂದ ಸಬಾನಾಯಗಂ.

ಪಿಳ್ಳೈಯವರು ಎರಡೂ ಕೈ ಎತ್ತಿದರು. ಅರಿವಳಗನ್ ಹತ್ತಿರದ ಕುರ್ಚಿಯನ್ನು ಹಿಡಿದುಕೊಂಡರು. ಕುಂಜಿತಪಾದಂಗೆ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ. ಅಣ್ಣ ತನ್ನ ಹೆಸರು ಹಿಡಿದು ಕರೆದಿದ್ದ. ಮಗಳ ಮದುವೆ ಮುರಿದಿತ್ತು. ಅವನು ನಗಲು ಹೋಗಿ ಅತ್ತ.

"ಅಳಬೇಡ, ಕೇಳು," ಎಂದ ಸಬಾನಾಯಗಂ. ಮೆಟ್ಟಿಲು ಹತ್ತಿ ಮೈಕಿನ ಹತ್ತಿರ ಬಂದ. "ಇಷ್ಟು ವರ್ಷ ಶುಕ್ರವಾರ ಶುಕ್ರವಾರ ಅವಳ ಹತ್ರ ಹೋಗಿ ಹೇಳಿದೆಯಲ್ಲೋ ದಡ್ಡಾ. ಗುಡಿ ಅರ್ಧ ಮೈಲಿ. ನಾನು ಒಂದು ಗೋಡೆ ಆಚೆ ಇದ್ದೆ. ಬಂದು 'ಅಣ್ಣಾ' ಅಂದಿದ್ರೆ ಅವತ್ತೇ ಆಡ್ತಿದ್ದೆ. ನೀನು ಬೇಡ್ಕೊಂಡೆ ಅನ್ನೋದು ನನಗೆ ಮರದ ಮೇಲಿನ ಕೊಂಬು ಹೇಳಿ ಗೊತ್ತಾಗಬೇಕಾ?"

"ಇದೇ! ಇದೇ ವಿಚಾರವಾದ!" ಎಂದು ಮೇಷ್ಟ್ರು ಎದ್ದು ನಿಂತರು.

"ಬಾಯಿ ಬಿಡಿಸಿದ್ದು ಯಾರು? ಅಮ್ಮ!" ಎಂದು ಪಿಳ್ಳೈ ಗುಡುಗಿದರು. ಛತ್ರ ಎರಡು ಹೋಳಾಗಿ ಕೂಗತೊಡಗಿತು.

ಸಬಾನಾಯಗಂ ಯಾರ ಮಾತಿಗೂ ನಿಲ್ಲಲಿಲ್ಲ. ವರ್ಷಗಟ್ಟಲೆ ಕಟ್ಟಿಟ್ಟಿದ್ದು ಒಡೆದಿತ್ತು. ಎಲೆಯ ವಿಷಯ ಹೇಳಿದ, ಹೆಂಡತಿಯ ಕಾಯಿಲೆಯ ವಿಷಯ ಹೇಳಿದ, ಅವಳು ಸತ್ತ ದಿನ ಗೋಡೆಯ ಆಚೆ ಕುಂಜು ನಿಂತು ಅತ್ತದ್ದು ತನಗೆ ಕೇಳಿಸಿತ್ತು ಎಂದ, ಚಿಕ್ಕಂದಿನಲ್ಲಿ ಇಬ್ಬರೂ ನದಿಯಲ್ಲಿ ಈಜಿದ್ದಕ್ಕೆ ಹೊರಳಿದ. ಗಡಿಯಾರ ಹನ್ನೆರಡಕ್ಕೆ ಹತ್ತಿರವಾಯಿತು. ಅದು ಮೊದಲು ಪಿಳ್ಳೈಯವರ ತಲೆಗೆ ಹೊಳೆಯಿತು.

"ಆಡು ಸಬಾ! ನಿಲ್ಲಿಸಬೇಡ! ಇನ್ನೊಂದು ಹತ್ತು ನಿಮಿಷ ಆಡು, ಮುಹೂರ್ತ ಸಿಗತ್ತೆ!"

"ಮೈಕು ಕಸ್ಕೊಳ್ರೋ!" ಎಂದರು ಅರಿವಳಗನ್, ನಿಂತಲ್ಲೇ ಬೆವರಿ. ಕಸಿದುಕೊಳ್ಳಲು ಯಾರಿಗೂ ಮನಸ್ಸು ಬರಲಿಲ್ಲ. ಅರ್ಧ ಜನ ಅಳುತ್ತಿದ್ದರು.

ಆಗ ಕುಂಜಿತಪಾದಂ ಜೀವನದಲ್ಲಿ ಮೊದಲ ಬಾರಿಗೆ ಒಂದು ಕೆಲಸವನ್ನು ಯಾರನ್ನೂ ಕೇಳದೆ ಮಾಡಿದ. "ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಸ್ವಲ್ಪ ಬಾಯಿ ಮುಚ್ಚು," ಎಂದು ಅವನ ಬಾಯಿಗೆ ಕೈ ಅಡ್ಡ ಹಿಡಿದ. ಬೀಗರ ಕಡೆ ತಿರುಗಿದ.

"ಅಯ್ಯಾ, ನಾನು ಸುಳ್ಳುಗಾರ. ನಾನು ಅವಳನ್ನ ನಂಬ್ತೀನಿ. ಅವತ್ತೂ ನಂಬ್ತಿದ್ದೆ, ಮೈಕಿನ ಮುಂದೆ ನಿಂತು ಅವಳಿಲ್ಲ ಅಂದಾಗ ಮನಸ್ಸಿನಲ್ಲಿ ಅವಳ ಹತ್ರಾನೇ ಕ್ಷಮಿಸು ಅಂದೆ. ನಿಮ್ಮ ತಂಗಿಯ ಮಾತು ಕೇಳಿದ ಮೇಲೆ ನಿಮಗೆ ಸುಳ್ಳು ಹೇಳಬಾರದಿತ್ತು. ಹೇಳಿಬಿಟ್ಟೆ, ನನ್ನ ಮಗಳ ಮುಖ ನೋಡಿ. ಈಗ ನಿಮ್ಮಿಷ್ಟ. ರಾಹುಕಾಲ ನಿಮ್ಮದು, ಮಗಳು ನನ್ನವಳು."

ಅರಿವಳಗನ್ ಅವನನ್ನು ನೋಡಿದರು. ಪೂಂಗೊಡಿಯನ್ನು ನೋಡಿದರು, ಅವಳು ತಲೆ ತಗ್ಗಿಸಿರಲಿಲ್ಲ. ಮಗ ಚೆಳಿಯನ್ "ಅಪ್ಪಾ" ಎಂದ, ಅಷ್ಟೇ. ಅವರು ಗಡಿಯಾರ ನೋಡಿದರು. ಹನ್ನೆರಡಕ್ಕೆ ಎರಡು ನಿಮಿಷ. ಪಿಳ್ಳೈ ಮೂರನೆಯ ಸಾಲಿನಲ್ಲಿ ಆಗಲೇ ಅಕ್ಷತೆ ಹುಡುಕುತ್ತಿದ್ದರು.

"ನಂಬಿಕೆ ವಿಚಾರ ಆಮೇಲೆ!" ಎಂದು ಅರಿವಳಗನ್ ಅರಚಿದರು. "ಹಾರ ಹಾಕ್ರೋ! ಹೊತ್ತು ಮೀರ್ತಾ ಇದೆ!"

ಹಾರ ಬಿತ್ತು. ಎರಡನೆಯ ಹಾರ ಬೀಳುವುದಕ್ಕೂ ಗುಡಿಯ ಗಂಟೆ ಹನ್ನೆರಡು ಹೊಡೆಯುವುದಕ್ಕೂ ಸರಿಹೋಯಿತು. ಹಾರ ಮೊದಲೋ ಗಂಟೆ ಮೊದಲೋ ಎಂಬ ಬಗ್ಗೆ ಪೂವಾನ್‌ಕುಡಿಯಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ, ಎರಡನ್ನೂ ಕಣ್ಣಾರೆ ಕಂಡವರಿದ್ದಾರೆ.

ಎರಡು ವಾರ ಕಳೆದು ಅರಿವಳಗನ್ ಎಲೆಯ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಸೊಸೆಯ ಕೈಯ ಕಾಫಿಯಿಂದ ಅವರ ಮುಖಕ್ಕೆ ಕಳೆ ಏರಿತ್ತು, ಆದರೂ ಧ್ವನಿ ಗಡಸು ಮಾಡಿಕೊಂಡರು.

"ಬೀಗರೇ, ಮದುವೆ ಮುಗೀತು, ನಿಮ್ಮ ಬಾಕಿ ಮುಗಿದಿಲ್ಲ. ಕೂಟದಲ್ಲಿ ಕೇಳ್ತಾರೆ. ನಿಮಗೊಂದು ಹೊಸ ಕಾರಣ ಬೇಕು."

ಕುಂಜಿತಪಾದಂ ತಲೆಗೆ ಕಟ್ಟಿದ್ದ ಪಂಚೆ ಬಿಚ್ಚಿ ಸುತ್ತ ನೋಡಿದ. ಅವನ ಕಣ್ಣು ಕೆಂಪಾಗಿದ್ದವು, ನಿದ್ದೆ ಇಲ್ಲದವನ ಕಣ್ಣು. ಅಂಗಡಿಯ ಹಿಂದಿನಿಂದ ಸಬಾನಾಯಗಂನ ಧ್ವನಿ ಕೇಳಿಸುತ್ತಲೇ ಇತ್ತು. ಬೆಳಿಗ್ಗೆ ಶುರುವಾಗಿ, ನದಿ ಮುಗಿಸಿ, ಈಗ ಶಾಲೆಗೆ ಬಂದಿತ್ತು.

"ಹುಡುಕ್ತಾ ಇದ್ದೀನಿ, ಅಯ್ಯಾ," ಎಂದು ಅವನು ಪಿಸುಗುಟ್ಟಿದ. "ಇವನು ಒಂದು ಗಂಟೆ ಸುಮ್ಮನಿರೋ ಹಾಗೆ ಮಾಡು ಅಂತ ಹೋದ ಶುಕ್ರವಾರದಿಂದ ಅಮ್ಮನ ಹತ್ರ ಬೇಡ್ಕೋತಾ ಇದ್ದೀನಿ. ಈ ಶುಕ್ರವಾರವೂ ನೋಡ್ತೀನಿ. ಆಗಲಿಲ್ಲ ಅಂದ್ರೆ ನಾನು ನಿಮ್ಮವನೇ."